ಪುಟ್ಟ ಮಗು, ಮಂಡಿ ನೋವಿನ ಅಜ್ಜಿ, ಒಂದು ಹಳ್ಳ: ಚಿಕ್ಕಮಗಳೂರಿನ ಕಾಡುದಾರಿಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಮಗಳೂರಿನಲ್ಲಿ ಮನೆ ಮಾಡಿಕೊಂಡವರಿಗೆ ಒಂದು ಹೆಚ್ಚುವರಿ ಕೆಲಸ ತಾನಾಗಿಯೇ ಅಂಟಿಕೊಳ್ಳುತ್ತದೆ. ಸಾಲಾಗಿ ಮೂರು ದಿನ ರಜೆ ಬಂತೆಂದರೆ ಫೋನು ಶುರು. ಬೆಂಗಳೂರಿನ ತಮ್ಮ, ಹಾಸನದ ಅಕ್ಕ, ಅಕ್ಕನ ಓರಗಿತ್ತಿಯ ತಂಗಿ, ಮಗಳ ಕ್ಲಾಸಿನ ಮಕ್ಕಳ ಅಮ್ಮಂದಿರು. ಎಲ್ಲರದ್ದೂ ಹೆಚ್ಚುಕಡಿಮೆ ಅವೇ ಪ್ರಶ್ನೆಗಳು. ಹೇಳಿ ಹೇಳಿ ಸಾಕಾಗಿ ಬರೆದಿಟ್ಟಿದ್ದೇನೆ. ಪ್ರಶ್ನೆಗಳು ಅವರವರ ಮಾತಿನಲ್ಲೇ ಇವೆ. ಬೆನ್ನಿಗೆ ಟೆಂಟ್ ಕಟ್ಟಿಕೊಂಡು ಹೋಗುವವರಿಗೆ ಇದರಲ್ಲಿ ಏನೂ ಸಿಗುವುದಿಲ್ಲ. ಗುಂಪಿನಲ್ಲಿ ಒಂದು ಪುಟ್ಟ ಮಗುವೋ, ಮೆಟ್ಟಿಲು ಕಂಡರೆ ನಿಟ್ಟುಸಿರು ಬಿಡುವ ಅಜ್ಜಿಯೋ ಇದ್ದರೆ ಮುಂದೆ ಓದಿ.

## ಮೊದಲ ಸಲ ಹೊರಡುವವರಿಗೆ

ಮೂರು ವರ್ಷದ ಮಗು ಇದೆ. ಎತ್ಕೊಂಡೇ ಸುತ್ತೋ ಹಾಗಾಗಬಾರದು. ಎಲ್ಲಿಗೆ ಹೋಗೋದು?

ಕಲ್ಹತ್ತಿಗಿರಿಗೆ ಹೋಗಿ. ತರೀಕೆರೆ ತಾಲ್ಲೂಕಿನಲ್ಲಿದೆ, ಕೆಮ್ಮಣ್ಣುಗುಂಡಿಯಿಂದ ಸುಮಾರು 10 ಕಿಲೋಮೀಟರ್. 122 ಮೀಟರ್ ಎತ್ತರದಿಂದ ಬೀಳುವ ನೀರು ಬಂಡೆ ಬಂಡೆಗೆ ಬಡಿದು, ಕೊನೆಗೆ ವೀರಭದ್ರ ದೇವಸ್ಥಾನದ ಹತ್ತಿರಕ್ಕೇ ಇಳಿಯುತ್ತದೆ. ವಾಹನದಿಂದ ಇಳಿದು ಸ್ವಲ್ಪ ನಡೆದರೆ ನೀರಿನ ಸದ್ದು, ತಣ್ಣನೆ ಗಾಳಿ, ಸುತ್ತ ಮರ. ಮೂರು ವರ್ಷದವರಿಗೆ ಇಷ್ಟು ಸಾಕೋ ಸಾಕು. ಭಾನುವಾರ ಬೇಡ, ಜನ ಜಾಸ್ತಿ.

ಪೇಟೆಯಿಂದ ದೂರ ಹೋಗಲು ಮನಸ್ಸಿಲ್ಲವೆಂದರೆ ಹಿರೇಕೊಳಲೆ ಕೆರೆ ಇದೆ. ಊರಿಂದ ಸುಮಾರು 10 ಕಿಲೋಮೀಟರ್. ಚಿಕ್ಕಮಗಳೂರಿಗೆ ಕುಡಿಯುವ ನೀರು ಕೊಡುವ ಕೆರೆಗಳಲ್ಲಿ ಇದೂ ಒಂದು. ಏರಿ ಮೇಲೆ ನಿಂತರೆ ಗಿರಿಸಾಲು ಎದುರಿಗೇ ಕಾಣುತ್ತದೆ. ಏರಿ ಸಮತಟ್ಟು, ಆದರೆ ಪಕ್ಕದಲ್ಲೇ ನೀರು. ಮಗುವಿನ ಕೈ ಬಿಡಬೇಡಿ.

ಅಮ್ಮನಿಗೆ ಮಂಡಿ ನೋವು. ಆದ್ರೂ ಮುಳ್ಳಯ್ಯನಗಿರಿ ನೋಡ್ಲೇಬೇಕು ಅಂತಾರೆ. ಆಗತ್ತಾ?

ಇದು ಕರ್ನಾಟಕದ ಅತಿ ಎತ್ತರದ ಶಿಖರ, ಸುಮಾರು 1,930 ಮೀಟರ್. ಆದರೆ ರಸ್ತೆ ಬಹುತೇಕ ಮೇಲಿನವರೆಗೂ ಹೋಗುತ್ತದೆ. ಉಳಿಯುವುದು ಕೊನೆಯ ಮೆಟ್ಟಿಲುಗಳು, 400ಕ್ಕೂ ಹೆಚ್ಚು. ಹತ್ತುವಾಗ ಉಸಿರು ಹಿಡಿಯುತ್ತದೆ, ಇಳಿಯುವಾಗ ಮಂಡಿ ಹಿಡಿಯುತ್ತದೆ. ಎರಡನೆಯದನ್ನು ಎಲ್ಲರೂ ಮರೆಯುತ್ತಾರೆ. ನಮ್ಮತ್ತೆ ಹತ್ತುವಾಗ ನಮ್ಮೆಲ್ಲರಿಗಿಂತ ಮುಂದಿದ್ದರು. ಇಳಿಯುವಾಗ ಒಂದೊಂದು ಮೆಟ್ಟಿಲಿಗೂ ಮುಳ್ಳಪ್ಪ ಸ್ವಾಮಿಯನ್ನು ನೆನೆದರು.

ಅದಕ್ಕೆ ನಾನು ಹೇಳುವುದು, ಶೀತಾಳಯ್ಯನಗಿರಿಯಲ್ಲಿ ಇಳಿಸಿ. ಮುಳ್ಳಯ್ಯನಗಿರಿಗೆ ಹೋಗುವ ದಾರಿಯಲ್ಲೇ ಸಿಗುತ್ತದೆ. ಹಳೆಯ ಶೀತಾಳ ಮಲ್ಲಿಕಾರ್ಜುನ ದೇವಸ್ಥಾನವಿದೆ, ಕೂರಲು ಜಾಗವಿದೆ, ಗಾಳಿ ಅಲ್ಲೂ ಅದೇ, ಮಂಜೂ ಅದೇ. ಮೇಲಿನ ಶಿಖರವನ್ನು ಅಲ್ಲಿಂದಲೇ ನೋಡಿ ಕೈ ಮುಗಿಯಬಹುದು. ಅಮ್ಮ ಹಠ ಹಿಡಿದರೆ ಒಂದು ಊರುಗೋಲು ಕೊಟ್ಟು, ಬೆಳಿಗ್ಗೆ ಬೇಗ, ಜನ ಬರುವ ಮೊದಲು ಹತ್ತಿಸಿ.

ಯಾವ ತಿಂಗಳು ಬಂದ್ರೆ ಒಳ್ಳೇದು?

ಅಕ್ಟೋಬರ್ ಕೊನೆಯಿಂದ ಜನವರಿವರೆಗೆ. ಮಳೆ ಮುಗಿದಿರುತ್ತದೆ, ಹಳ್ಳಗಳಲ್ಲಿ ನೀರು ಇನ್ನೂ ಇರುತ್ತದೆ, ಹುಲ್ಲು ಹಸಿರಾಗಿರುತ್ತದೆ. ಫೆಬ್ರವರಿ, ಮಾರ್ಚ್ ಹೊತ್ತಿಗೆ ಗುಡ್ಡ ಒಣಗಿ ಬೆಂಕಿಯ ಭಯ ಶುರುವಾಗುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಒಂದು ಒಳ್ಳೆ ಮಳೆ ಬಿದ್ದರೆ ಕಾಫಿ ಹೂವು ಬಿಡುತ್ತದೆ. ಆ ವಾರ ಬಂದವರು ಪುಣ್ಯವಂತರು, ದಾರಿಯುದ್ದಕ್ಕೂ ಮಲ್ಲಿಗೆಯಂಥ ವಾಸನೆ. ಆದರೆ ಅದನ್ನು ಮೊದಲೇ ಗೊತ್ತುಮಾಡಿಕೊಂಡು ಬರಲು ಆಗುವುದಿಲ್ಲ.

ಜೂನ್‌ನಿಂದ ಸೆಪ್ಟೆಂಬರ್ ಮಳೆಗಾಲ. ಚಿತ್ರಗಳಲ್ಲಿ ಚೆಂದ ಕಾಣುತ್ತದೆ ಅಂತಲೇ ಎಲ್ಲರೂ ಆಗ ಬರುತ್ತಾರೆ. ಸಣ್ಣ ಮಕ್ಕಳಿದ್ದರೆ ನಾನು ಬೇಡ ಅನ್ನುತ್ತೇನೆ. ಜಾರುವ ಕಲ್ಲು, ಇಂಬಳ (ಜಿಗಣೆ), ಮೂರಡಿ ಮುಂದೆ ಏನೂ ಕಾಣದ ಮಂಜು, ರಸ್ತೆಗೆ ಕುಸಿಯುವ ಗುಡ್ಡ. ಮಳೆ ನೋಡಬೇಕೆಂದರೆ ಮನೆಗೆ ಬನ್ನಿ, ಜಗಲಿಯಲ್ಲಿ ಕೂತು ನೋಡೋಣ. ಕಾಫಿ ಕೊಡುತ್ತೇನೆ.

ನಮ್ಮ ಮಗು ಎಷ್ಟು ದೂರ ನಡೆಯತ್ತೆ ಅಂತ ಹೇಗೆ ಲೆಕ್ಕ ಹಾಕೋದು?

ನಮ್ಮ ಮನೆಯ ಲೆಕ್ಕ ಹೇಳುತ್ತೇನೆ, ಶಾಸ್ತ್ರ ಅಲ್ಲ. ವಯಸ್ಸು ಎಷ್ಟೋ ಅದರ ಅರ್ಧದಷ್ಟು ಕಿಲೋಮೀಟರ್. ನಾಲ್ಕು ವರ್ಷಕ್ಕೆ 2, ಎಂಟು ವರ್ಷಕ್ಕೆ 4. ಹೋಗಿ ಬರುವುದು ಸೇರಿಯೇ ಇಷ್ಟು. ಏರು ಜಾಸ್ತಿ ಇದ್ದರೆ ಇನ್ನೂ ಕಡಿಮೆ ಮಾಡಿ.

ಹೊತ್ತಿನ ಲೆಕ್ಕ ಬೇರೆ. ದೊಡ್ಡವರು ಅರ್ಧ ಗಂಟೆಯಲ್ಲಿ ಮುಗಿಸುವ ದಾರಿಗೆ ಮಗುವಿನ ಜೊತೆ ಒಂದೂವರೆ ಗಂಟೆ ಬೇಕು. ಅದು ಇರುವೆ ಸಾಲು ಕಂಡರೆ ಕೂರುತ್ತದೆ, ಒಂದು ಕಡ್ಡಿ ಆರಿಸುತ್ತದೆ, ಇನ್ನೊಂದು ಚೆನ್ನಾಗಿದೆ ಅಂತ ಮೊದಲಿನದನ್ನು ನಿಮ್ಮ ಕೈಗೆ ಕೊಡುತ್ತದೆ. ಅವಸರ ಮಾಡಿದರೆ ಅಳು. ನಿಂತಲ್ಲೇ ನಿಲ್ಲಲು ಬಿಟ್ಟರೆ ಆಶ್ಚರ್ಯವಾಗುವಷ್ಟು ದೂರ ನಡೆಯುತ್ತದೆ. ತುದಿ ತಲುಪಲೇಬೇಕೆಂಬ ಹಠ ಮಕ್ಕಳಿಗೆ ಇರುವುದಿಲ್ಲ, ಇರುವುದು ಅಪ್ಪಂದಿರಿಗೆ.

ತಳ್ಳುಗಾಡಿ ತರಬಹುದಾ?

ಬೇಡ. ಕೆಮ್ಮಣ್ಣುಗುಂಡಿಯ ಉದ್ಯಾನದ ಒಳಗೆ ಸ್ವಲ್ಪ ಓಡಿಸಬಹುದು, ಅಷ್ಟೇ. ಉಳಿದ ಕಡೆ ಬೇರು, ಕಲ್ಲು, ಮೆಟ್ಟಿಲು. ಬೆನ್ನಿಗೆ ಕಟ್ಟಿಕೊಳ್ಳುವ ಚೀಲ ಇದ್ದರೆ ತನ್ನಿ. ಇಲ್ಲದಿದ್ದರೆ ಅಜ್ಜಿಯ ಹಳೆ ಹತ್ತಿ ಸೀರೆ ಇದೆಯಲ್ಲ.

ಘಾಟಿ ರಸ್ತೇಲಿ ಮಕ್ಕಳು ವಾಂತಿ ಮಾಡ್ತಾರೆ, ಏನ್ಮಾಡೋದು?

ಹೊಟ್ಟೆ ತುಂಬಾ ಪೂರಿ ತಿನ್ನಿಸಿ ಹೊರಡಬೇಡಿ, ಖಾಲಿ ಹೊಟ್ಟೆಯಲ್ಲೂ ಬೇಡ. ಒಂದೆರಡು ಇಡ್ಲಿ ಸಾಕು. ಮೊಬೈಲ್ ಕೊಡಬೇಡಿ, ಕಿಟಕಿ ತೆಗೆಯಿರಿ, ದೂರದ ಗುಡ್ಡ ನೋಡಲು ಹೇಳಿ. ಮೂಸಲು ಒಂದು ನಿಂಬೆಹಣ್ಣು. ಆಮೇಲೆ, ಗಾಡಿ ಓಡಿಸುವವರಿಗೆ ನಿಧಾನ ಹೋಗಲು ಹೇಳಿ. ಅರ್ಧ ವಾಂತಿ ಅವರ ಕಾಲಲ್ಲಿದೆ.

ಏನೇನು ತಗೊಂಡು ಹೋಗ್ಬೇಕು? ಟಾಯ್ಲೆಟ್ ಇರತ್ತಾ?

ಹಿಡಿತ ಇರುವ ಶೂ, ಒಂದೊಂದು ಮಗುವಿಗೂ ಎರಡು ಜೊತೆ ಬಟ್ಟೆ, ಟವೆಲ್, ಗಾಳಿ ತಡೆಯುವ ಒಂದು ಜಾಕೆಟ್. ಕೆಳಗೆ ಬಿಸಿಲಿದ್ದರೂ ಗಿರಿ ಮೇಲೆ ಚಳಿ ಹೊಡೆಯುತ್ತದೆ. ನೀರು, ಬಾಳೆಹಣ್ಣು, ಕೋಡುಬಳೆ, ಚಿತ್ರಾನ್ನದ ಡಬ್ಬಿ. ಕೈಯಲ್ಲಿ ತಿಂಡಿ ಹಿಡಿದು ಓಡಾಡಬೇಡಿ, ದೇವಸ್ಥಾನ ಮತ್ತು ಜಲಪಾತದ ಕಡೆ ಮಂಗಗಳು ಚೀಲ ಸಮೇತ ಎಳೆದುಕೊಳ್ಳುತ್ತವೆ. ಒಂದು ಸಣ್ಣ ಡಬ್ಬಿಯಲ್ಲಿ ಉಪ್ಪು. ಯಾಕೆ ಅಂತ ಕೆಳಗೆ ಹೇಳಿದ್ದೇನೆ.

ಟಾಯ್ಲೆಟ್ ಜನ ಸೇರುವ ಕಡೆ ಮಾತ್ರ. ಕಾಡುದಾರಿಯಲ್ಲಿ ಇಲ್ಲ. ಹೊರಡುವ ಮುಂಚೆ ಎಲ್ಲರನ್ನೂ ಕಳಿಸಿ, 'ನಂಗೆ ಬಂದಿಲ್ಲ' ಅನ್ನುವವರನ್ನೂ. ಡಯಾಪರ್ ಹಾಕುವ ಮಗುವಾದರೆ, ತಂದದ್ದನ್ನು ಕಟ್ಟಿಕೊಂಡು ವಾಪಸ್ ಒಯ್ಯಿರಿ. ಪೊದೆ ಹಿಂದೆ ಎಸೆದದ್ದನ್ನು ನಾವು ಊರಿನವರು ನೋಡಬೇಕಾಗುತ್ತದೆ.

## ದಾರಿಗಳ ಬಗ್ಗೆ

ಕೆಮ್ಮಣ್ಣುಗುಂಡಿಯ ಝಡ್ ಪಾಯಿಂಟ್ ಮಕ್ಕಳಿಗೆ ಆಗತ್ತಾ?

ಎಂಟು ವರ್ಷ ದಾಟಿದವರಿಗೆ ಆಗುತ್ತದೆ, ಮಂಜಿಲ್ಲದ ದಿನ. ರಾಜಭವನದ ಕಡೆಯಿಂದ ಸುಮಾರು 3 ಕಿಲೋಮೀಟರ್ ನಡಿಗೆ. ದಾರಿ ಗುಡ್ಡದ ಪಕ್ಕೆಯಲ್ಲೇ ಹೋಗುತ್ತದೆ. ಒಂದು ಕಡೆ ಮಣ್ಣಿನ ಗೋಡೆ, ಜರಿಗಿಡ, ಪಾಚಿ. ಇನ್ನೊಂದು ಕಡೆ ಕಣಿವೆ. ನಡುವೆ ಶಾಂತಿ ಜಲಪಾತ ಅಂತ ಒಂದು ಸಣ್ಣ ಝರಿ.

ನನ್ನ ಅಭಿಪ್ರಾಯ ಕೇಳಿದರೆ ಆ ಝರಿಯೇ ಈ ದಾರಿಯ ಒಳ್ಳೆಯ ಭಾಗ. ಚಿಕ್ಕ ಮಕ್ಕಳಿದ್ದರೆ ಅಲ್ಲಿಗೇ ನಿಲ್ಲಿಸಿ. ಮುಖ ತೊಳೆಸಿ, ತಿಂಡಿ ತಿನ್ನಿಸಿ, ವಾಪಸ್ ಬನ್ನಿ. ಮುಂದೆ ದಾರಿ ಕಿರಿದಾಗುತ್ತದೆ, ಕೊನೆಯಲ್ಲಿ ಏರು ಕಡಿದಾಗಿದೆ, ತುದಿಯಲ್ಲಿ ಬರೀ ಹುಲ್ಲು ಮತ್ತು ಪ್ರಪಾತ. ಮಗಳಿಗೆ ಆರು ವರ್ಷವಿದ್ದಾಗ ನಾವು ಹೋಗಿದ್ದೆವು. ಝರಿ ದಾಟಿದ ಹತ್ತೇ ನಿಮಿಷಕ್ಕೆ ಮಂಜು ಇಳಿಯಿತು. ಮುಂದೆ ಹೋಗುತ್ತಿದ್ದ ತಮ್ಮನ ಕೆಂಪು ಅಂಗಿಯೇ ಕಾಣಲಿಲ್ಲ. ಗೋಡೆಯ ಬದಿಗೆ ಕೂತು, ಒಬ್ಬರಿಗೊಬ್ಬರು ಕೂಗಿ ಹೇಳಿಕೊಂಡು, ಮಗಳನ್ನು ನಡುವೆ ಇಟ್ಟುಕೊಂಡು ಹಿಂದೆ ಬಂದೆವು. 'ತುದಿ ನೋಡಲಿಲ್ಲ' ಅಂತ ತಮ್ಮ ಇವತ್ತಿಗೂ ಗೊಣಗುತ್ತಾನೆ. ಮಗಳಿಗೆ ನೆನಪಿರುವುದು ಝರಿಯಲ್ಲಿ ತೇಲಿಸಿದ ಎಲೆ ದೋಣಿ ಮಾತ್ರ.

ಹೆಬ್ಬೆ ಜಲಪಾತಕ್ಕೆ ನಡೆದೇ ಹೋಗ್ಬೇಕಾ?

ಹೆಚ್ಚಿನವರು ಜೀಪಿನಲ್ಲಿ ಹೋಗುತ್ತಾರೆ. ಸ್ವಂತ ಕಾರು ಆ ದಾರಿಗೆ ಆಗುವುದಿಲ್ಲ. ಜೀಪು ಕಾಫಿ ತೋಟಗಳ ನಡುವೆ ಕುಲುಕಾಡಿಕೊಂಡು ಇಳಿಯುತ್ತದೆ. ಬೆನ್ನು ನೋವಿನವರು, ಗರ್ಭಿಣಿಯರು, ಕೈಕೂಸು ಇರುವವರು ಹತ್ತಬೇಡಿ. ಜೀಪು ಬಿಟ್ಟ ಮೇಲೆ ಕಾಡಿನೊಳಗೆ ನಡೆದು, ಹಳ್ಳವನ್ನು ಕಾಲಲ್ಲೇ ದಾಟಬೇಕು. ಆಮೇಲೆ ಸಿಗುವುದು 168 ಮೀಟರಿನ ಜಲಪಾತ. ದೊಡ್ಡ ಹೆಬ್ಬೆ, ಚಿಕ್ಕ ಹೆಬ್ಬೆ ಅಂತ ಎರಡು ಹಂತ.

ಏಳೆಂಟು ವರ್ಷದ ಮಕ್ಕಳಿಗೆ ಇದು ಹಬ್ಬ. ಹಳ್ಳ ದಾಟುವಾಗ ಚಪ್ಪಲಿ ಕೈಯಲ್ಲಿ ಹಿಡಿಯಬೇಡಿ, ಕಾಲಲ್ಲೇ ಇರಲಿ, ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಆಗಬೇಕು. ಅಣ್ಣನ ಮಗಳ ಒಂದು ಚಪ್ಪಲಿ ಹೀಗೇ ತೇಲಿಹೋಯಿತು. ಮಳೆ ಜೋರಾದಾಗ ಅರಣ್ಯ ಇಲಾಖೆ ದಾರಿ ಮುಚ್ಚುತ್ತದೆ. ಕೆಮ್ಮಣ್ಣುಗುಂಡಿಗೆ ಬಂದ ಮೇಲೆ ವಿಚಾರಿಸಿಯೇ ಮಕ್ಕಳಿಗೆ ಆಸೆ ಹುಟ್ಟಿಸಿ.

ನಾವು ಹಾಸನದೋರು. ಅಷ್ಟು ದೂರ ಬೇಡ, ಸಕಲೇಶಪುರದ ಕಡೆನೇ ಹೇಳಿ.

ಎರಡು ಹೇಳುತ್ತೇನೆ.

ಒಂದು ಮಂಜರಾಬಾದ್ ಕೋಟೆ. ಸಕಲೇಶಪುರದಿಂದ ಸ್ವಲ್ಪವೇ ಮುಂದೆ, ಮಂಗಳೂರು ಹೆದ್ದಾರಿ ಪಕ್ಕದಲ್ಲಿ. ಟಿಪ್ಪು ಸುಲ್ತಾನ್ 1792ರಲ್ಲಿ ಕಟ್ಟಿಸಿದ್ದು, ಎಂಟು ಮೂಲೆಯ ನಕ್ಷತ್ರದ ಆಕಾರ. ಸುಮಾರು 250 ಮೆಟ್ಟಿಲು, ಅಲ್ಲಲ್ಲಿ ಕೂರಬಹುದು. ಒಳಗೆ ನಿಂತರೆ ನಕ್ಷತ್ರ ಅಂತ ಗೊತ್ತೇ ಆಗುವುದಿಲ್ಲ. ಮೇಲಿಂದ ತೆಗೆದ ಚಿತ್ರವನ್ನು ಮೊದಲೇ ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಗೋಡೆಗುಂಟ ನಡೆಸಿ, 'ಈಗ ಎಷ್ಟನೇ ಮೂಲೆ?' ಅಂತ ಎಣಿಸಲು ಹೇಳಿ. ಗೋಡೆಯ ಮೇಲೆ ಹತ್ತಿಸಬೇಡಿ, ಆಚೆ ಬದಿ ಕಂದಕ.

ಇನ್ನೊಂದು ಬಿಸಿಲೆ. ಇದು ದೂರ, ಇಡೀ ದಿನ ಬೇಕು. ಆದರೆ ನಡಿಗೆ ಕಡಿಮೆ. ವೀಕ್ಷಣಾ ತಾಣದಲ್ಲಿ ನಿಂತರೆ ಎದುರಿಗೆ ಕುಮಾರಪರ್ವತದ ಸಾಲು, ನಡುವೆ ಒಂದು ಗೆರೆಯಷ್ಟೂ ಖಾಲಿ ಇಲ್ಲದ ಕಾಡು. ಈ ದಾರಿಯಲ್ಲಿ ಮಂಕನಹಳ್ಳಿ ಹತ್ತಿರ ಬ್ರಿಟಿಷರ ಕಾಲದ ಒಂದು ಕಲ್ಲು ಇದೆ. ಅದರ ಒಂದು ಬದಿಗೆ ಬಿದ್ದ ಮಳೆ ಕುಮಾರಧಾರ, ನೇತ್ರಾವತಿ ಸೇರಿ ಅರಬ್ಬೀ ಸಮುದ್ರಕ್ಕೆ. ಇನ್ನೊಂದು ಬದಿಯದ್ದು ಹೇಮಾವತಿ, ಕಾವೇರಿ ಮೂಲಕ ಬಂಗಾಳ ಕೊಲ್ಲಿಗೆ. ಕಲ್ಲು ನೋಡಲು ಏನೂ ಇಲ್ಲ, ಸಾಮಾನ್ಯ ಕಲ್ಲೇ. ಆದರೆ ಬಾಟಲಿಯಲ್ಲಿ ಸ್ವಲ್ಪ ನೀರು ಹಿಡಿದು ಎರಡೂ ಕಡೆ ಚೆಲ್ಲಲು ಮಕ್ಕಳಿಗೆ ಕೊಡಿ. ಭೂಗೋಳದ ಪುಸ್ತಕಕ್ಕಿಂತ ಇದು ಚೆನ್ನಾಗಿ ತಲೆಗೆ ಹೋಗುತ್ತದೆ.

ಆ ಕಡೆ ರೈಲು ಹಳಿ ಮೇಲೆ ನಡೆಯೋ ಟ್ರೆಕ್ ಇದೆಯಂತಲ್ಲ?

ಸಕಲೇಶಪುರ–ಸುಬ್ರಹ್ಮಣ್ಯ ದಾರಿ. 57 ಸುರಂಗ, 109 ಸೇತುವೆ. ಹಳಿ ಮೇಲೆ ನಡೆಯುವುದು ಕಾನೂನಿಗೆ ವಿರುದ್ಧ, ಸುರಂಗದೊಳಗೆ ರೈಲು ಬಂದರೆ ಸರಿಯಲು ಜಾಗವಿಲ್ಲ. ಹಗಲು ರೈಲಿಗೆ ಟಿಕೆಟ್ ತೆಗೆದು ಕಿಟಕಿ ಪಕ್ಕ ಕೂರಿ. ಸುರಂಗ ಬಂದಾಗಲೆಲ್ಲ ಬೋಗಿ ತುಂಬಾ ಮಕ್ಕಳು ಕೂಗುತ್ತವೆ, ಅದೇ ಒಂದು ಮಜಾ.

ಎತ್ತಿನಭುಜ, ಬಲ್ಲಾಳರಾಯನದುರ್ಗ, ಕುದುರೆಮುಖ? ಮಗನಿಗೆ ಹನ್ನೊಂದು ವರ್ಷ.

ಮೊದಲೆರಡೂ ಮೂಡಿಗೆರೆ ತಾಲ್ಲೂಕಿನವು. ಎತ್ತಿನಭುಜ ಹನ್ನೊಂದು ವರ್ಷದ ಗಟ್ಟಿ ಹುಡುಗನಿಗೆ ಆಗುತ್ತದೆ. ಭೈರಾಪುರದ ನಾಣ್ಯ ಭೈರವೇಶ್ವರ ದೇವಸ್ಥಾನದ ಕಡೆಯಿಂದ ಹತ್ತಬೇಕು. ಮೊದಲು ಕಾಡು, ಆಮೇಲೆ ಹುಲ್ಲುಗಾವಲು, ಕೊನೆಗೆ ಎತ್ತಿನ ಡುಬ್ಬದಂಥ ಬಂಡೆ. ಆ ಕೊನೆಯ ಬಂಡೆ ಒದ್ದೆಯಿದ್ದರೆ ಹತ್ತಿಸಬೇಡಿ, ಡುಬ್ಬದ ಬುಡದಲ್ಲಿ ನಿಂತರೂ ನೋಟ ಅಷ್ಟೇ ಚೆಂದ. ಬಲ್ಲಾಳರಾಯನದುರ್ಗ ಇದಕ್ಕಿಂತ ದೂರ, ಬಿಸಿಲಿಗೆ ಮರೆಯಿಲ್ಲದ ಏರು. ಸುಂಕಸಾಲೆ, ದುರ್ಗದಹಳ್ಳಿ ಕಡೆಯಿಂದ ಬೆಳಿಗ್ಗೆ ಎಂಟರ ಹೊತ್ತಿಗೆ ಹೊರಟರೆ ಹಳೆ ಕೋಟೆ ಗೋಡೆಯವರೆಗೆ ಹೋಗಿ ಬರಬಹುದು.

ಕುದುರೆಮುಖ ಶಿಖರ ಇನ್ನೂ ನಾಲ್ಕು ವರ್ಷ ಬಿಟ್ಟು. 1,894 ಮೀಟರ್ ಎತ್ತರ, ಹೋಗಿ ಬರಲು ಇಡೀ ದಿನ. ಆ ಕಡೆ ಹೋಗಿಯೇ ಹೋಗುತ್ತೀರೆಂದರೆ ರಸ್ತೆ ಪಕ್ಕದ ಕದಂಬಿ ಜಲಪಾತ ನೋಡಿ ಬನ್ನಿ. ಗಾಡಿಯಿಂದ ಇಳಿದರೆ ಮುಗಿಯಿತು.

ಭದ್ರಾ ಅಭಯಾರಣ್ಯದೊಳಗೆ ಮಕ್ಕಳನ್ನ ನಡೆಸ್ಕೊಂಡು ಹೋಗಬಹುದಾ?

ಇಲ್ಲ. ಅದು ಹುಲಿ ಸಂರಕ್ಷಿತ ಪ್ರದೇಶ, 1998ರಿಂದ. ಮುತ್ತೋಡಿ ಮತ್ತು ಲಕ್ಕವಳ್ಳಿ ಕಡೆಯಿಂದ ಇಲಾಖೆಯ ವಾಹನದಲ್ಲಿ ಸಫಾರಿ ಇದೆ. ಮಕ್ಕಳಿಗೆ ಹುಲಿ ಕಾಣುತ್ತದೆ ಅಂತ ಹೇಳಿ ಕರೆದೊಯ್ಯಬೇಡಿ. ಜಿಂಕೆ, ಕಾಟಿ (ಕಾಡುಕೋಣ), ನವಿಲು ಅಂತ ಹೇಳಿ. ಹುಲಿ ಬಂದರೆ ಅದೃಷ್ಟ.

ಬುಕಿಂಗ್, ಅನುಮತಿ ಏನಾದ್ರೂ ಬೇಕಾ?

ಮುಳ್ಳಯ್ಯನಗಿರಿ, ದತ್ತಪೀಠದ ಕಡೆ ಹೋಗುವ ವಾಹನಗಳಿಗೆ ಮೊದಲೇ ಆನ್‌ಲೈನ್‌ನಲ್ಲಿ ಬುಕ್ ಮಾಡುವ ವ್ಯವಸ್ಥೆ 2025ರಲ್ಲಿ ಬಂದಿದೆ. ಕೈಮರ ಚೆಕ್‌ಪೋಸ್ಟ್‌ವರೆಗೆ ಬಂದು, ಹಿಂದಿನ ಸೀಟಿನಲ್ಲಿ ಮೂರು ಮಕ್ಕಳನ್ನು ಇಟ್ಟುಕೊಂಡು ವಾಪಸ್ ಹೋಗುವುದು ಬೇಡವೆಂದರೆ ಮನೆಯಲ್ಲೇ ಇದನ್ನು ಮುಗಿಸಿ. ಕುದುರೆಮುಖದಂಥ ಚಾರಣಗಳಿಗೆ ಅರಣ್ಯ ಇಲಾಖೆಯ ಅನುಮತಿ ಬೇರೆ ಬೇಕು, ಅದೂ ಆನ್‌ಲೈನ್. ಕಾಫಿ ತೋಟದ ಒಳದಾರಿಗಳು ಯಾರದೋ ಸ್ವಂತ ಜಾಗ. ಗೇಟು ತೆರೆದಿದೆ ಅಂತ ನುಗ್ಗಬೇಡಿ, ಕೇಳಿದರೆ ಹೆಚ್ಚಿನವರು ಬಿಡುತ್ತಾರೆ.

## ಇಂಬಳ, ಆನೆ, ಉಣುಗು, ನೀರು

ಇಂಬಳ ಹತ್ತಿದ್ರೆ ಏನ್ಮಾಡ್ಬೇಕು? ಮಕ್ಕಳು ಕಿರುಚ್ತಾರೆ.

ಮೊದಲು ನೀವು ಕಿರುಚಬೇಡಿ. ಮಕ್ಕಳು ಕಲಿಯುವುದು ನಿಮ್ಮನ್ನು ನೋಡಿಯೇ.

ಇಂಬಳ ಕಚ್ಚಿದರೆ ನೋವಿಲ್ಲ, ವಿಷವೂ ಇಲ್ಲ. ಸ್ವಲ್ಪ ಉಪ್ಪು ಹಾಕಿದರೆ ಬಿಟ್ಟು ಬೀಳುತ್ತದೆ. ಉಪ್ಪಿಲ್ಲದಿದ್ದರೆ ಉಗುರನ್ನು ಅದರ ಬಾಯಿಯ ಕೆಳಗೆ ಚರ್ಮಕ್ಕೆ ಒತ್ತಿ ಪಕ್ಕಕ್ಕೆ ಸರಿಸಿ. ಜಗ್ಗಿ ಎಳೆಯಬೇಡಿ. ರಕ್ತ ಹೆಪ್ಪುಗಟ್ಟದಂತೆ ಅದು ಒಂದು ರಸ ಬಿಟ್ಟಿರುತ್ತದೆ, ಹಾಗಾಗಿ ಬಿದ್ದ ಮೇಲೂ ಸ್ವಲ್ಪ ಹೊತ್ತು ರಕ್ತ ಬರುತ್ತಲೇ ಇರುತ್ತದೆ. ತೊಳೆದು, ಶುದ್ಧ ಬಟ್ಟೆ ಒತ್ತಿ ಹಿಡಿದರೆ ಸಾಕು. ಆಮೇಲೆ ಎರಡು ದಿನ ತುರಿಕೆ.

ಹತ್ತದಂತೆ ಮಾಡಲು ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ. ತೋಟದ ಕೆಲಸದವರು ಹೊಗೆಸೊಪ್ಪಿನ ನೀರು, ಸುಣ್ಣ, ಸೋಪು ಹಚ್ಚುತ್ತಾರೆ. ಮಕ್ಕಳ ಚರ್ಮಕ್ಕೆ ಹೊಗೆಸೊಪ್ಪು, ಸುಣ್ಣ ಬೇಡ, ಕಾಲುಚೀಲದ ಮೇಲೆ ಸೋಪು ಉಜ್ಜಿ. ಒಂದೇ ಕಡೆ ನಿಲ್ಲಬೇಡಿ, ತರಗೆಲೆ ಮೇಲೆ ಕೂರಬೇಡಿ. ವಾಪಸ್ ಬಂದು ಕಾರು ಹತ್ತುವ ಮುಂಚೆ ಎಲ್ಲರ ಕಾಲುಚೀಲ ಕಳಚಿ ನೋಡಿ. ನಮ್ಮ ಮನೆಗೆ ಒಂದು ಸಲ ಕಾಲುಚೀಲದಲ್ಲಿ ಕೂತು ಬಂದ ಇಂಬಳ, ಸೋಫಾದ ಕೆಳಗೆ ದ್ರಾಕ್ಷಿಯಷ್ಟು ದಪ್ಪಗಾಗಿ ಸಿಕ್ಕಿತು. ಯಾರ ರಕ್ತ ಅಂತ ಕೊನೆಗೂ ಗೊತ್ತಾಗಲಿಲ್ಲ.

ಆನೆ ಇರೋ ಕಡೆ ಹೋಗೋದಾ ಬೇಡ್ವಾ?

ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಕಡೆ ಆನೆಗಳು ಕಾಡಿನಲ್ಲಿ ಮಾತ್ರ ಇಲ್ಲ, ತೋಟದಲ್ಲೂ ಇವೆ. ಜನ ಸತ್ತಿದ್ದಾರೆ. ಇದನ್ನು ತಮಾಷೆ ಮಾಡಲು ನನ್ನಿಂದಾಗುವುದಿಲ್ಲ.

ಬೆಳಿಗ್ಗೆ ಎಂಟರ ಮುಂಚೆ, ಸಂಜೆ ಐದರ ಮೇಲೆ ಆ ಕಡೆ ಮಕ್ಕಳನ್ನು ನಡೆಸಬೇಡಿ. ಹೋಂಸ್ಟೇಯವರನ್ನೋ ಅಂಗಡಿಯವರನ್ನೋ 'ಇವತ್ತು ಎಲ್ಲಿವೆ?' ಅಂತ ಕೇಳಿ. ಆನೆ ಯಾವ ತೋಟದಲ್ಲಿದೆ ಅಂತ ಇಲ್ಲಿನವರಿಗೆ ಮೊಬೈಲಿಗೆ ಸಂದೇಶ ಬರುತ್ತಿರುತ್ತದೆ. ಹಲಸು ಹಣ್ಣಾಗುವ ಕಾಲದಲ್ಲಿ ಇನ್ನೂ ಹುಷಾರು. ಹಸಿ ಲದ್ದಿ, ಆಗ ತಾನೇ ಮುರಿದ ಬಾಳೆ ಅಥವಾ ಬಗನಿ ಮರ ಕಂಡರೆ ಅಲ್ಲಿಂದಲೇ ತಿರುಗಿ. ಎದುರಿಗೆ ಕಂಡರೆ ಕೂಗದೆ, ಫೋಟೋ ತೆಗೆಯದೆ, ಮಕ್ಕಳನ್ನು ಎತ್ತಿಕೊಂಡು ಬಂದ ದಾರಿಯಲ್ಲೇ ಹಿಂದೆ ಬನ್ನಿ. ಅರಣ್ಯ ಇಲಾಖೆಯ ಸಹಾಯವಾಣಿ 1926, ಉಳಿದ ತುರ್ತಿಗೆ 112.

ಮಂಗನ ಕಾಯಿಲೆ ಅಂತಾರಲ್ಲ, ಹೆದರ್ಕೋಬೇಕಾ?

ತಿಳಿದುಕೊಂಡಿರಬೇಕು. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಜ್ವರ ಇದು. ಹರಡುವುದು ಉಣುಗು ಅನ್ನುವ, ರಕ್ತ ಹೀರುವ ಸಣ್ಣ ಹುಳುವಿನಿಂದ. ಮಳೆ ನಿಂತ ಮೇಲೆ, ಹೆಚ್ಚುಕಡಿಮೆ ನವೆಂಬರ್‌ನಿಂದ ಮೇವರೆಗೆ, ತರಗೆಲೆಯಲ್ಲಿ ಉಣುಗು ಇರುತ್ತವೆ. ನಮ್ಮ ಜಿಲ್ಲೆಯಲ್ಲಿ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಪ್ರಕರಣಗಳು ಬಂದಿವೆ. ಅಂದರೆ ನಡೆಯಲು ಒಳ್ಳೆಯ ಕಾಲವೂ ಉಣುಗಿನ ಕಾಲವೂ ಒಂದೇ.

ಉದ್ದ ತೋಳು, ಉದ್ದ ಪ್ಯಾಂಟ್ ಹಾಕಿ. ಕಾಡಿಗೆ ಹೋಗುವ ಜನರಿಗೆ ಆರೋಗ್ಯ ಇಲಾಖೆ ಉಣುಗು ಹತ್ತದಂತೆ ಮೈಗೆ ಹಚ್ಚುವ ಡೇಪಾ ತೈಲ ಕೊಡುತ್ತದೆ. ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ಊರಿನವರಿಗೆ ತಿಳಿಸಿ. ಮನೆಗೆ ಬಂದ ಕೂಡಲೇ ಬಿಸಿನೀರಿನ ಸ್ನಾನ, ಬಟ್ಟೆ ಬಿಸಿನೀರಿಗೆ. ಕಿವಿ ಹಿಂದೆ, ಕಂಕುಳು, ತೊಡೆಸಂದು ನೋಡಿ. ಕಚ್ಚಿಕೊಂಡಿದ್ದರೆ ಚಿಮಟದಲ್ಲಿ ಬುಡಕ್ಕೇ ಹಿಡಿದು ನೇರವಾಗಿ ತೆಗೆಯಿರಿ, ಸುಡುವುದು, ಸೀಮೆಎಣ್ಣೆ ಹಾಕುವುದು ಬೇಡ. ಹತ್ತು ದಿನದೊಳಗೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಡಾಕ್ಟರಿಗೆ 'ಮಲೆನಾಡಿನ ಕಾಡಿಗೆ ಹೋಗಿದ್ದೆವು' ಅಂತ ಬಾಯಿಬಿಟ್ಟು ಹೇಳಿ. ಬೆಂಗಳೂರಿನಲ್ಲಿ ಯಾರೂ ತಾವಾಗಿ ಕೇಳುವುದಿಲ್ಲ.

ಹಳ್ಳದಲ್ಲಿ ಮಕ್ಕಳನ್ನ ಆಡೋಕೆ ಬಿಡಬಹುದಾ?

ಬಿಡಿ, ಅದಕ್ಕೇ ಅಲ್ವಾ ಬಂದಿರುವುದು. ಆದರೆ ಮೂರು ವಿಷಯ ನೋಡಿ. ನೀರು ಮಗುವಿನ ಮಂಡಿಗಿಂತ ಕೆಳಗಿರಬೇಕು. ತಳ ಕಾಣಬೇಕು. ದೊಡ್ಡವರೊಬ್ಬರು ನೀರು ಹರಿದು ಹೋಗುವ ಕೆಳಬದಿಯಲ್ಲಿ ನಿಂತಿರಬೇಕು, ಮೊಬೈಲ್ ಜೇಬಿನಲ್ಲಿರಬೇಕು.

ನೀವು ನಿಂತಲ್ಲಿ ಬಿಸಿಲಿದ್ದರೂ ಮೇಲೆ ಗಿರಿಯಲ್ಲಿ ಮಳೆ ಬಿದ್ದಿರಬಹುದು. ತಿಳಿನೀರು ಇದ್ದಕ್ಕಿದ್ದಂತೆ ಕದಡಿದರೆ, ಕಸಕಡ್ಡಿ ತೇಲಿಬಂದರೆ, ಸದ್ದು ಬದಲಾದರೆ ತಕ್ಷಣ ಮೇಲೆ ಬನ್ನಿ. ಚಪ್ಪಲಿ, ಡಬ್ಬಿ ಹೋದರೆ ಹೋಗಲಿ. ಜಲಪಾತದ ತಲೆಯ ಮೇಲೆ ಯಾವತ್ತೂ ನಿಲ್ಲಬೇಡಿ. ಅಲ್ಲಿನ ಬಂಡೆಗೆ ಪಾಚಿ ಕಟ್ಟಿರುತ್ತದೆ, ಒಣಗಿದಂತೆ ಕಂಡರೂ ಎಣ್ಣೆ ಸವರಿದ ಹಾಗೆ.

## ಇನ್ನೂ ತಿಳಿಯಬೇಕು ಅನ್ನುವವರಿಗೆ

ಮಣ್ಣು ಯಾಕೆ ಇಷ್ಟು ಕೆಂಪು? ಇಲ್ಲಿ ಸುಣ್ಣಕಲ್ಲಿನ ಕಮರಿ, ಗುಹೆ ಇಲ್ವಾ?

ಕೆಮ್ಮಣ್ಣುಗುಂಡಿಯ ಹೆಸರಿನಲ್ಲೇ ಉತ್ತರವಿದೆ. ಬಾಬಾಬುಡನ್ ಗಿರಿಸಾಲಿನ ಕಲ್ಲಿನಲ್ಲಿ ಕಬ್ಬಿಣ ತುಂಬಿದೆ. ಅದು ಮಳೆ ಗಾಳಿಗೆ ಸಿಕ್ಕಿ ತುಕ್ಕು ಹಿಡಿದರೆ ಕೆಂಪು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅದಿರು ಹೋಗುತ್ತಿದ್ದದ್ದು ಇಲ್ಲಿಂದಲೇ. ನಾಲ್ವಡಿ ಕೃಷ್ಣರಾಜ ಒಡೆಯರ್ ಬೇಸಿಗೆ ಕಳೆಯುತ್ತಿದ್ದದ್ದೂ ಇದೇ ಗುಡ್ಡದಲ್ಲಿ. ಮಕ್ಕಳಿಗೆ ಒಂದು ಆಯಸ್ಕಾಂತ ಕೊಟ್ಟು ದಾರಿಯ ಒಣ ಮಣ್ಣಿನಲ್ಲಿ ಆಡಿಸಲು ಹೇಳಿ, ಏನಾದರೂ ಅಂಟುತ್ತದಾ ನೋಡಲಿ.

ಸುಣ್ಣಕಲ್ಲಿನ ಕಮರಿ ಈ ಗಿರಿಗಳಲ್ಲಿ ಇಲ್ಲ. ಸುಣ್ಣಕಲ್ಲನ್ನು ಮಳೆನೀರು ಸ್ವಲ್ಪ ಸ್ವಲ್ಪವೇ ಕರಗಿಸುತ್ತದೆ, ಅದರಿಂದ ಗುಹೆ, ಕಡಿದಾದ ಗೋಡೆ ಹುಟ್ಟುತ್ತವೆ. ಅಂಥದ್ದು ನೋಡಬೇಕೆಂದರೆ ಉತ್ತರ ಕನ್ನಡದ ಯಾಣಕ್ಕೆ ಹೋಗಬೇಕು. ನಮ್ಮ ಗಿರಿಯ ಕಲ್ಲು ಕರಗುವ ಜಾತಿಯಲ್ಲ. ಹಳ್ಳ ಅದನ್ನು ಕೊರೆದು, ಒಡೆದು ಕಣಿವೆ ಮಾಡುತ್ತದೆ.

ಗುಡ್ಡದ ಮೇಲೆ ಬರೀ ಹುಲ್ಲು, ಸಂದಿಯಲ್ಲಿ ಮಾತ್ರ ಕಾಡು. ಕಡಿದು ಹಾಕಿದ್ದಾರಾ?

ಇಲ್ಲ, ಅದು ಇರುವುದೇ ಹಾಗೆ. ಆ ಸಂದಿಯ ಕಾಡಿಗೆ ಶೋಲಾ ಅಂತಾರೆ. ಬಯಲು ಪಕ್ಕೆಯಲ್ಲಿ ಮಣ್ಣು ತೆಳು, ಗಾಳಿ ಜೋರು, ಹುಲ್ಲು ಮಾತ್ರ ಬದುಕುತ್ತದೆ. ಮಡಿಕೆಗಳಲ್ಲಿ ಮಣ್ಣು ಆಳ, ತೇವ ಇರುತ್ತದೆ, ಗಾಳಿಗೆ ಮರೆ ಇರುತ್ತದೆ. ಅಲ್ಲಿ ಗಿಡ್ಡ ಮರಗಳು ಒತ್ತಾಗಿ, ಮೈತುಂಬಾ ಪಾಚಿ ಹೊದ್ದು ಬೆಳೆಯುತ್ತವೆ.

ಹುಲ್ಲೂ ಶೋಲಾ ಕಾಡೂ ಸೇರಿ ಮಳೆನೀರನ್ನು ಹಿಡಿದಿಟ್ಟು ನಿಧಾನ ಬಿಡುತ್ತವೆ. ಬೇಸಿಗೆಯಲ್ಲೂ ಹಳ್ಳದಲ್ಲಿ ನೀರಿರುವುದು ಅದಕ್ಕೇ. ಈ ಗಿರಿಯ ಪೂರ್ವಕ್ಕೆ ಇಳಿದ ನೀರೇ ವೇದಾ, ಆವತಿ ಹಳ್ಳಗಳಾಗಿ, ಅಯ್ಯನಕೆರೆ, ಮದಗದ ಕೆರೆ ತುಂಬಿಸಿ, ಕಡೂರಿನ ಹತ್ತಿರ ಸೇರಿ ವೇದಾವತಿ ಆಗುತ್ತದೆ. ಹುಲ್ಲಿನ ಮೇಲೆ ಜೀಪು ಓಡಿಸಿ ವಿಡಿಯೋ ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುವುದು ಇದಕ್ಕೇ. ಒಂದು ಚಕ್ರದ ಗುರುತು ಮುಂದಿನ ಮಳೆಗೆ ಕಾಲುವೆ ಆಗುತ್ತದೆ.

ಮಕ್ಕಳಿಗೆ ಏನು ತೋರಿಸೋದು? ಪ್ರಾಣಿ ಏನೂ ಕಾಣಲ್ಲ.

ಕಿವಿಯಿಂದ ಶುರುಮಾಡಿ. ಹಳ್ಳದ ಬದಿಯಲ್ಲಿ ಬೆಳಿಗ್ಗೆ ಯಾರೋ ಹುಡುಗ ಗುರಿಯಿಲ್ಲದೆ ಸಿಳ್ಳೆ ಹಾಕಿಕೊಂಡು ಹೋಗುವಂತೆ ಕೇಳಿದರೆ, ಅದು ಮಲಬಾರ್ ಸಿಳ್ಳಾರ ಹಕ್ಕಿ. ಕಡುನೀಲಿ ಮೈ, ಕಂಡರೆ ಕಾಗೆಮರಿ ಅನ್ನಬಹುದು. ಎತ್ತರದ ಮರದಲ್ಲಿ ಕೊಂಬೆಯಿಂದ ಕೊಂಬೆಗೆ ಏನೋ ಹಾರಿದರೆ ಕೆಂದಳಿಲು, ಅದರ ಬಾಲ ಮೈಗಿಂತ ಉದ್ದ. ನೆಲದ ಮೇಲೆ ಮುಟ್ಟಿದರೆ ಚಕ್ಕುಲಿಯಂತೆ ಸುತ್ತಿಕೊಳ್ಳುವ ಚೋರಟೆ. ಜರಿಗಿಡದ ಎಲೆ ತಿರುಗಿಸಿದರೆ ಹಿಂದೆ ಸಾಲಾಗಿ ಕಂದು ಚುಕ್ಕೆ. ಕಲ್ಲು ಎತ್ತಬೇಡಿ, ಪೊದೆಗೆ ಕೈ ಹಾಕಬೇಡಿ, ಮಳೆಗಾಲದಲ್ಲಿ ಮಂಡಲದ ಹಾವು ಎಲೆಯ ಬಣ್ಣದಲ್ಲೇ ಕೂತಿರುತ್ತದೆ.

ನೀಲಕುರಿಂಜಿ ಈ ವರ್ಷ ಅರಳತ್ತಾ?

12 ವರ್ಷಕ್ಕೊಮ್ಮೆ ಅರಳುವ ಹೂವು ಇದು, ಇಲ್ಲಿನವರು ಗುರಗಿ ಅಂತಾರೆ. ಆದರೆ ಇದರ ಬಳಗ ದೊಡ್ಡದು, ಬೇರೆ ಬೇರೆ ವರ್ಷ ಅರಳುವ ಜಾತಿಗಳೂ ಇವೆ. ಹಾಗಾಗಿ ಯಾವುದೋ ಒಂದು ಇಳಿಜಾರು ಆಗಾಗ ನೀಲಿಯಾಗುತ್ತಲೇ ಇರುತ್ತದೆ. ಹೂವು ಬಿಟ್ಟರೆ ಆಗಸ್ಟ್‌ನಿಂದ ಅಕ್ಟೋಬರ್ ಒಳಗೆ. ಆ ಹೊತ್ತಿಗೆ ಸುದ್ದಿ ತಾನಾಗಿ ನಿಮ್ಮ ಮೊಬೈಲಿಗೆ ಬಂದಿರುತ್ತದೆ, ನನಗಿಂತ ಮುಂಚೆ. ಕಿತ್ತು ತರಬೇಡಿ. ಒಂದು ಸಲ ಹೂವು ಬಿಟ್ಟು, ಬೀಜ ಉದುರಿಸಿ ಗಿಡ ಸಾಯುತ್ತದೆ, ಮುಂದಿನ ಸಲದ್ದು ಆ ಬೀಜದಿಂದಲೇ ಬರಬೇಕು.

ದೇವೀರಮ್ಮನ ಬೆಟ್ಟಕ್ಕೆ ಮಕ್ಕಳನ್ನ ಕರ್ಕೊಂಡು ಹೋಗಬಹುದಾ?

ಬಿಂಡಿಗ ದೇವೀರಮ್ಮನ ಬೆಟ್ಟ ಹತ್ತುವುದು ದೀಪಾವಳಿ ಹೊತ್ತಿಗೆ ಮಾತ್ರ. ಜನ ಸಾಲುಗಟ್ಟಿ ಹತ್ತುತ್ತಾರೆ. ಕಡಿದಾದ ಏರು, ಮಳೆ ಬಂದಿದ್ದರೆ ಬರೀ ಜಾರು ಮಣ್ಣು, ಮೇಲಿಂದ ಕೆಳಗಿಂದ ನೂಕುನುಗ್ಗಲು. ಹನ್ನೆರಡು ವರ್ಷದ ಕೆಳಗಿನವರನ್ನು ನಾನು ಕರೆದೊಯ್ಯುವುದಿಲ್ಲ. ಹರಕೆ ಇದ್ದರೆ ಕೆಳಗಿನ ಬಿಂಡಿಗದ ದೇವಸ್ಥಾನದಲ್ಲಿ ತೀರಿಸಬಹುದು, ಅಮ್ಮ ಅಲ್ಲೂ ಇದ್ದಾಳೆ.

ದಾರಿ ತಪ್ಪಿದ್ರೆ? ನೆಟ್‌ವರ್ಕ್ ಇರತ್ತಾ?

ಗುಡ್ಡದ ತಲೆಯಲ್ಲಿ ಕೆಲವು ಕಡೆ ಸಿಗುತ್ತದೆ, ಕಣಿವೆಗೆ ಇಳಿದರೆ ಹೋಗುತ್ತದೆ. ನಕ್ಷೆಯನ್ನು ಮೊದಲೇ ಇಳಿಸಿಕೊಳ್ಳಿ. ಹೊರಡುವ ಮುಂಚೆ ಎಲ್ಲಿಗೆ, ಎಷ್ಟು ಹೊತ್ತಿಗೆ ವಾಪಸ್ ಅಂತ ಒಬ್ಬರಿಗೆ ಹೇಳಿಟ್ಟಿರಿ. ನಮ್ಮ ಮನೆಯ ನಿಯಮ, ಮಧ್ಯಾಹ್ನ ಮೂರಕ್ಕೆ ಎಲ್ಲಿದ್ದರೂ ತಿರುಗುವುದು. ಕಣಿವೆಯಲ್ಲಿ ಕತ್ತಲೆ ಬೇಗ.

ಮಕ್ಕಳ ಕೊರಳಿಗೆ ಒಂದು ಪೀಪಿ ಹಾಕಿ, ಜಾತ್ರೆಯಲ್ಲಿ ಸಿಗುವ ಪ್ಲಾಸ್ಟಿಕ್ ಪೀಪಿಯೇ ಸಾಕು. ಕಾಣದಾದರೆ ಓಡಾಡಬಾರದು, ಒಂದು ಮರ ತಬ್ಬಿಕೊಂಡು ನಿಂತು ಊದಬೇಕು ಅಂತ ಕಲಿಸಿ. ಮೊದಲ ಅರ್ಧ ಗಂಟೆ ಸುಮ್ ಸುಮ್ನೆ ಊದಿ ತಲೆ ತಿನ್ನುತ್ತವೆ. ಸಹಿಸಿಕೊಳ್ಳಿ.